ಸ್ವಭಾವವೂ ಸಂಸ್ಕಾರವೂ



ದೇವಾಲಯದ ಪತ್ರಿಕೆಯಲ್ಲಿ ಕಾದಂಬರಿಯ ಪ್ರಸ್ತಾಪವೇಕೆಂದು ಕೆಲವರು ಕೇಳಬಹುದು. ಅದರಲ್ಲಿಯೂ 1965ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವು ನಮ್ಮವರಲ್ಲಿ ಅನೇಕರ ಮನಸ್ಸನ್ನು ನೋಯಿಸಿದ ಕೃತಿ. ಆದರೆ ಅದರ ಕಥೆ ನಡೆಯುವುದು ಮಾಧ್ವರ ಅಗ್ರಹಾರದಲ್ಲಿ. ಆದುದರಿಂದ ಅದರ ಪಾತ್ರಗಳನ್ನು ನಮ್ಮ ಸಿದ್ಧಾಂತದ ಬೆಳಕಿನಲ್ಲಿ ನೋಡುವುದು ಅನುಚಿತವಾಗಲಾರದು.

ದೂರ್ವಾಸಪುರದಲ್ಲಿ ಆಚಾರಭ್ರಷ್ಟನಾದ ನಾರಣಪ್ಪನು ಮೃತನಾಗುತ್ತಾನೆ. ಸಾಲಿಗ್ರಾಮವನ್ನು ಹೊಳೆಗೆಸೆದವನ ಶವಕ್ಕೆ ಸಂಸ್ಕಾರ ಮಾಡತಕ್ಕವರು ಯಾರು? ಪ್ರಾಣೇಶಾಚಾರ್ಯರು ಗ್ರಂಥಗಳನ್ನು ಶೋಧಿಸುತ್ತಾರೆ. ಮಾರುತಿಯ ಗುಡಿಯಲ್ಲಿ ಅಪ್ಪಣೆಗಾಗಿ ಕಾಯುತ್ತಾರೆ. ಉತ್ತರ ದೊರೆಯುವುದಿಲ್ಲ. ಹಿಂದಿರುಗುವಾಗ ಕಾಡಿನ ಕತ್ತಲೆಯಲ್ಲಿ, ನಾರಣಪ್ಪನೊಡನಿದ್ದ ಚಂದ್ರಿಯ ಸಂಗದಿಂದ ಅವರ ಬಹುಕಾಲದ ನಿಗ್ರಹ ಮುರಿಯುತ್ತದೆ.

ಅಂತಹ ಪಂಡಿತರು ಹೀಗೇಕೆ ನಡೆದರು? ಜ್ಞಾನಿಯೂ ತನ್ನ ಪ್ರಕೃತಿಗೆ ಅನುಗುಣವಾಗಿ ನಡೆಯುವನೆಂದು ಗೀತೆಯ ಮೂರನೆಯ ಅಧ್ಯಾಯದಲ್ಲಿ ಭಗವಂತನು ತಿಳಿಸಿ, ಒಡನೆಯೇ ರಾಗದ್ವೇಷಗಳ ವಶನಾಗಬೇಡವೆಂದು ಎಚ್ಚರಿಸುತ್ತಾನೆ. ರೋಗಿಷ್ಠ ಪತ್ನಿಯ ಸೇವೆಯನ್ನೇ ತಪಸ್ಸೆಂದು ತಿಳಿದಿದ್ದ ಆಚಾರ್ಯರು ಆಸೆಯನ್ನು ಅದುಮಿದ್ದರು. ಅದು ಅಳಿಯಿತೆಂದು ಭ್ರಮಿಸಿದ್ದರು. ಬೂದಿ ಮುಚ್ಚಿದ ಕೆಂಡ ಗಾಳಿಗಾಗಿ ಕಾದಿತ್ತು.

ಆದರೆ ಇಷ್ಟರಿಂದ ಅವರ ಸ್ವರೂಪವೇ ಕೆಟ್ಟಿತೆನ್ನಬಹುದೇ? ಜೀವನ ಅನಾದಿ ಸ್ವಭಾವ ಒಂದು. ಕರ್ಮವಾಸನೆಗಳಿಂದ ಅದರ ಮೇಲೆ ಕವಿದ ಮುಸುಕು ಇನ್ನೊಂದು. ಭಾಗವತದ ಆರನೆಯ ಸ್ಕಂಧದ ಅಜಾಮಿಳನೂ ವಿದ್ಯಾವಂತನೇ. ತಂದೆಗಾಗಿ ಸಮಿತ್ತು ದರ್ಭೆಗಳನ್ನು ತರಲು ಹೋದವನು ಕಾಡಿನಿಂದ ಮರಳುವಾಗಲೇ ಮೋಹಕ್ಕೆ ಸಿಕ್ಕಿದನು. ಆದರೂ ಅವನ ಕಥೆ ಪತನದಲ್ಲಿ ಮುಗಿಯಲಿಲ್ಲ. ಎಚ್ಚೆತ್ತು ಗಂಗಾದ್ವಾರಕ್ಕೆ ಹೋಗಿ ಸಾಧನೆ ಮಾಡಿದನು. ಸ್ವಭಾವವೇ ಮಾಡಿಸಿತೆಂದು ಕೈತೊಳೆದುಕೊಳ್ಳುವವನಿಗೂ, ನಾನು ಬೀಳಲಾರೆನೆಂದು ಬೀಗುವವನಿಗೂ ಈ ಕಥೆಯಲ್ಲಿ ಉತ್ತರವುಂಟು.

ನಾರಣಪ್ಪನ ವಿಷಯದಲ್ಲಿಯೂ ಹೀಗೆಯೇ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರೆಂದು ಜೀವರು ತ್ರಿವಿಧರೆಂಬುದು ನಮ್ಮ ಸಿದ್ಧಾಂತ. ಆದರೆ ಇಂತಹವನು ಇಂತಹ ವರ್ಗದವನೆಂದು ಬೆರಳು ತೋರಿಸುವ ಅಧಿಕಾರವನ್ನು ನಮಗೆ ಕೊಟ್ಟವರಾರು? ಹಿರಣ್ಯಕಶಿಪುವಿನ ಮನೆಯಲ್ಲಿಯೇ ಪ್ರಹ್ಲಾದನು ಹುಟ್ಟಲಿಲ್ಲವೇ? ಸಂಸ್ಕಾರಕ್ಕೆ ಹಿಂಜರಿದಿದ್ದವರು ಚಂದ್ರಿ ಒಡವೆಗಳನ್ನು ತಂದಿಟ್ಟೊಡನೆ ಮುಂದಾದರು. ಆಚಾರವಿದ್ದರೂ ಲೋಭವಿತ್ತು. ಇವರು ತರ್ಕಿಸುತ್ತಿರುವಾಗಲೇ ಚಂದ್ರಿ ಒಬ್ಬ ಮುಸಲ್ಮಾನನ ನೆರವಿನಿಂದ ರಾತ್ರಿಯಲ್ಲಿ ಶವವನ್ನು ದಹನ ಮಾಡಿಸಿಬಿಟ್ಟಳು.

ಇದು ಕಾದಂಬರಿಯ ಮಾತು ಮಾತ್ರವಲ್ಲ. ನಮ್ಮ ಬಾಲ್ಯದಲ್ಲಿ, ಸಂಧ್ಯಾವಂದನೆಯನ್ನೂ ಮನೆಯವರನ್ನೂ ತೊರೆದಿದ್ದ ಒಬ್ಬರು ನಮ್ಮ ಬೀದಿಯಲ್ಲಿ ತೀರಿಕೊಂಡರು. ಹೋಗಬೇಕೋ ಬೇಡವೋ ಎಂದು ಜಗುಲಿಗಳಲ್ಲಿ ಚರ್ಚೆ ನಡೆಯಿತು. ದೇವರ ಪೂಜೆ ಮುಗಿಸಿ ಬಂದ ನಮ್ಮ ತೀರ್ಥರೂಪರು ಯಾರನ್ನೂ ಕೇಳದೆ ಹೊರಟರು. ಮರಳಿ ಬಂದು ಸ್ನಾನ ಮಾಡಿದ ಮೇಲೆ, “ಅವನ ಲೆಕ್ಕ ನೋಡುವವನು ಬೇರೆ ಇದ್ದಾನೆ; ಹೆಗಲು ಕೊಡುವುದಷ್ಟೇ ನಮ್ಮ ಪಾಲಿನದು” ಎಂದರು. ಅಂದು ಆ ಮಾತು ನಮಗೆ ಅರ್ಥವಾಗಲಿಲ್ಲ. ಪಾಠಶಾಲೆಯಲ್ಲಿ ಜೀವತ್ರೈವಿಧ್ಯವನ್ನು ಓದಿ, ಕಾಲೇಜಿನಲ್ಲಿ ಈ ಕಾದಂಬರಿಯನ್ನೂ ಓದಿದ ಮೇಲೆ ಅರ್ಥವಾಯಿತು.

ಸ್ವಭಾವದ ತತ್ತ್ವವು ನೆರೆಯವನನ್ನು ಅಳೆಯುವ ಕೋಲಲ್ಲ, ನಮ್ಮನ್ನು ನಾವು ನೋಡಿಕೊಳ್ಳುವ ಕನ್ನಡಿ. ಹಾಗೆ ನೋಡಿಕೊಳ್ಳುವ ಬುದ್ಧಿಯನ್ನು ಹರಿವಾಯುಗುರುಗಳು ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು.