ಕಾವಲುಗಾರನ ಬಾವಿ

ಬನಶಂಕರಿಯ ಜಾತ್ರೆ ಮುಗಿದ ಮೇಲೆ ಚೊಳಚಗುಡ್ಡದ ಹರಿದ್ರಾತೀರ್ಥದ ಕಟ್ಟೆಗೆ ಸ್ವಲ್ಪ ಬಿಡುವು ಸಿಗುತ್ತದೆ. ಈ ಸಲ ಅಲ್ಲಿ ಕುಳಿತಿದ್ದಾಗ ಸೈನ್ಯದಿಂದ ನಿವೃತ್ತರಾದ ಹಿರಿಯರೊಬ್ಬರು ಜತೆಗಿದ್ದರು. ನೀರಿನ ಮೇಲೆ ತೇಲುತ್ತಿದ್ದ ಎಲೆ, ಕಾಗದಗಳನ್ನು ನೋಡಿ, "ಈ ಹೊಲಸು ಕಣ್ಣಿಗೆ ಕಾಣತೈತಿ ತಮ್ಮಾ, ಬೈಯಾಕರ ಬರತೈತಿ" ಎಂದರು. ಕಣ್ಣಿಗೆ ಕಾಣದ ಹೊಲಸಿನ ಕಥೆಯೊಂದು ನನಗೆ ನೆನಪಾಯಿತು, ಅವರಿಗೆ ಹೇಳಿದೆ.

ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಕ್ಯಾಂಪ್ ಲೆಜೂನ್ ಎಂಬ ಮರೀನ್ ಸೈನಿಕರ ತರಬೇತಿ ನೆಲೆಯಿದೆ. ಸಿಪಾಯಿಗಳು ಹೆಂಡಿರು ಮಕ್ಕಳೊಡನೆ ಅಲ್ಲಿಯೇ ವಾಸಿಸುತ್ತಾರೆ. 1953ರಿಂದ 1987ರವರೆಗೆ ಅವರ ನಲ್ಲಿಗಳಲ್ಲಿ ಬಂದ ನೀರು ನೋಡಲು ತಿಳಿಯಾಗಿಯೇ ಇತ್ತು. ಆದರೆ ಯಂತ್ರಗಳ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್, ಸೋರಿದ ಇಂಧನದ ಬೆಂಜೀನ್, ಬೇಲಿಯಾಚೆಯ ಡ್ರೈಕ್ಲೀನಿಂಗ್ ಅಂಗಡಿಯ ದ್ರಾವಕ, ಇವೆಲ್ಲ ನೆಲಕ್ಕಿಳಿದು ಬಾವಿಗಳನ್ನು ಸೇರಿದ್ದವು. ಹತ್ತು ಲಕ್ಷದಷ್ಟು ಜನ ಆ ನೀರನ್ನು ಬಳಸಿರಬಹುದೆಂದು ಅಂದಾಜು.

ಬೇಕೆಂದು ಯಾರೂ ವಿಷವಿಕ್ಕಲಿಲ್ಲ. ತಿಳಿಯದೆ ಮಾಡಿದ ತಪ್ಪಿಗೆ ನಮ್ಮ ಹಿರಿಯರೂ ಕ್ಷಮೆಯಿಟ್ಟಿದ್ದಾರೆ. ದೇಶ ಕಾಯುವ ಕೆಲಸದಲ್ಲಿ ಅಷ್ಟಿಷ್ಟು ಕೊಳೆ ಆಗಿಯೇ ಆಗುತ್ತದೆಂದು ನಾನೂ ಒಂದು ಕಾಲಕ್ಕೆ ವಾದಿಸಿದವನೇ. ಈಗ ನನ್ನನ್ನು ಕಾಡುವುದು 1982ನೆಯ ಇಸವಿ. ಆ ವರ್ಷದ ಮೇ ತಿಂಗಳಲ್ಲಿ ನೆಲೆಯ ನಲ್ಲಿಯ ನೀರಿನಲ್ಲಿ ಟ್ರೈಕ್ಲೋರೋಎಥಿಲೀನ್ ಶತಕೋಟಿಗೆ 1,400 ಭಾಗದಷ್ಟು ಸಿಕ್ಕಿತು. ಮುಂದೆ ಆ ದೇಶ ನಿಗದಿ ಮಾಡಿದ ಮಿತಿ 5. ಬಾವಿಗಳನ್ನು ಮುಚ್ಚಲು ತೊಡಗಿದ್ದು 1984ರ ಕೊನೆಗೆ.

ಆಗ ಮಿತಿಯೇ ಇರಲಿಲ್ಲ, ಆದ್ದರಿಂದ ಕಾನೂನು ಮೀರಿದಂತಾಗಲಿಲ್ಲ ಎಂಬುದು ಸಮರ್ಥನೆ. ಇರಬಹುದು. ಆದರೆ ಕಾನೂನಿನ ಪುಸ್ತಕದಲ್ಲಿ ಅಂಕಿ ಇಲ್ಲವೆಂದು, ಗೊತ್ತಿದ್ದೂ ನೆರೆಮನೆಯವರ ತಂಬಿಗೆಗೆ ಆ ನೀರು ಹೊಯ್ಯಬಹುದೆ? ಹೋಗಲಿ, ನೀರಿನಲ್ಲಿ ಹೀಗಿದೆ ಎಂದು ಹೇಳಲಾದರೂ ಕಾನೂನು ಬೇಕಿತ್ತೆ?

ಜೆರ್ರಿ ಎನ್ಸ್‌ಮಿಂಗರ್ ಎಂಬ ಮರೀನ್ ಸಾರ್ಜೆಂಟನ ಮಗಳು ಜೇನಿ 1985ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಅವಳಿಗಾಗ 9 ವರ್ಷ. ನೀರಿನ ಸಂಗತಿ ತಂದೆಯ ಕಿವಿಗೆ ಬಿದ್ದದ್ದು 1997ರಲ್ಲಿ, ಅದೂ ಟೀವಿಯ ವಾರ್ತೆಯಿಂದ! ಅವಳ ಹೆಸರಿನಲ್ಲಿ ಚಿಕಿತ್ಸೆಯ ಕಾನೂನು ಬಂದದ್ದು 2012ರಲ್ಲಿ. ನೊಂದವರು ನ್ಯಾಯಾಲಯಕ್ಕೆ ಹೋಗಲು ದಾರಿ ತೆರೆದದ್ದು 2022ರಲ್ಲಿ. ನೆಲೆಯನ್ನು ಅತಿ ಕಲುಷಿತ ಸ್ಥಳಗಳ ಪಟ್ಟಿಗೆ 1989ರಲ್ಲೇ ಸೇರಿಸಿದರೂ ನೆಲ ತೊಳೆಯುವ ಕೆಲಸ ಇನ್ನೂ ನಡೆದೇ ಇದೆ.

ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ.

"ಗುಂಡು ತಾಗೀತು ಅಂತ ಗೊತ್ತಿದ್ದ ನಾವು ಸಹಿ ಮಾಡಿದ್ವಿ. ಮನ್ಯಾಗಿನ ಹುಡುಗ್ರು ಸಹಿ ಮಾಡಿದ್ದಿಲ್ಲ" ಎಂದರು. ಆಮೇಲೆ, "ಆ ಎರಡೂವರಿ ವರ್ಷ ಪರೀಕ್ಷೆ ಕಾಗದ ಯಾರ ಕೈಯಾಗಿತ್ತು?"

"ಒಬ್ಬರಲ್ಲ ಕಾಕಾ, ಅನೇಕರ ಕೈಯಲ್ಲಿತ್ತು."

"ಹಂಗಾರ ಯಾರ ಕೈಯಾಗೂ ಇದ್ದಿದ್ದಿಲ್ಲ ಅನ್ನು" ಎನ್ನುತ್ತ ಅವರು ಮೊಣಕಾಲು ಹಿಡಿದುಕೊಂಡು ಕಟ್ಟೆಯಿಂದೆದ್ದರು.