ಬೆನ್ನುನೋವು ಮತ್ತು ಬಣ್ಣದ ಡಬ್ಬಿ

ಏಳು ವರ್ಷದಿಂದ ನನ್ನ ಸೊಂಟದಲ್ಲಿ ಒಂದು ನೋವು ಕೂತಿದೆ. ಬೆಳಿಗ್ಗೆ ನಾನು ಏಳುವ ಮೊದಲೇ ಅದು ಎದ್ದಿರುತ್ತದೆ. ಬೋರ್ಡಿನ ಮುಂದೆ ಅರ್ಧ ಗಂಟೆ ನಿಂತರೆ ಎಡಗಾಲಿಗೆ ಇಳಿಯುತ್ತದೆ. ಮೂರು ತಿಂಗಳು ದಾಟಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಅನ್ನುತ್ತಾರೆ. ಗಾಯ ಮಾಗಿದ ಮೇಲೂ ನರಗಳು ಸುದ್ದಿ ಕಳಿಸುತ್ತಲೇ ಇರಬಹುದು. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಆ ನೋವು ಸುಳ್ಳಲ್ಲ.

ಶಾಲೆಯ ಮಕ್ಕಳಿಗೆಂದು ತಂದ ಜಲವರ್ಣದ ಡಬ್ಬಿಯೊಂದು ಮನೆಯಲ್ಲಿ ಉಳಿದಿತ್ತು. ನಿದ್ದೆ ಬಾರದ ಒಂದು ರಾತ್ರಿ ಅದನ್ನು ಬಿಚ್ಚಿದೆ. ಕೇರಿಯ ಹುಣಸೇಮರ ಬರೆಯಲು ಹೋದೆ. ಮರ ಆಗಲಿಲ್ಲ, ಕೆಸರಾಯಿತು. ಮಾರನೇ ರಾತ್ರಿ ಮತ್ತೆ ಕೂತೆ.

ಸಂಘದ ಗೆಳೆಯನೊಬ್ಬ ನೋಡಿ ನಕ್ಕ: "ಏನ್ ಮೇಷ್ಟ್ರೇ, ಜನ ಕೂಲಿಗೆ ಬಾಯಿ ಬಿಡ್ತಾವ್ರೆ, ನೀವು ಮರ ಬರ್ಕೊಂಡು ಕೂತಿದೀರಲ್ಲ!" ತಮಾಷೆಗೇ ಅಂದದ್ದು. ಆದರೂ ಚುಚ್ಚಿತು. ಯಾಕೆಂದರೆ ಅವ್ವನ ಬೆನ್ನು ಆ ಪ್ರಶ್ನೆಯನ್ನು ನನಗೆ ಮೊದಲೇ ಕೇಳಿತ್ತು.

ಅವ್ವ ನಲವತ್ತು ವರ್ಷ ಕಂಡವರ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿದವಳು. "ಎಲ್ಲಿ ನೋಯ್ತದವ್ವ?" ಅಂದರೆ, "ಎಲ್ಲಿ ನೋಯಕ್ಕಿಲ್ಲ ಅಂತ ಕೇಳು" ಅನ್ನುತ್ತಾಳೆ. ಅವಳ ನೋವಿಗೆ ಹೆಸರಿರಲಿಲ್ಲ, ಚೀಟಿ ಇರಲಿಲ್ಲ, ಸಂಬಳದ ರಜೆ ಇರಲಿಲ್ಲ. ನನ್ನ ನೋವಿಗೆ ಮೂರೂ ಇವೆ. ಹೀಗಿರುವಾಗ ನಾನು ಕುಂಚ ಹಿಡಿದು ಕೂರುವುದು ನ್ಯಾಯವೇ?

ಗೆಳೆಯರೆ, ಇದಕ್ಕೆ ಉತ್ತರ ಹುಡುಕುವ ಮೊದಲು ಎರಡು ಸುಳ್ಳುಗಳನ್ನು ಆಚೆ ಹಾಕಬೇಕು. ನೋವು ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆ ಅನ್ನುವುದು ಮೊದಲನೆಯದು. ಇದು ನೋಯದವರ ಮಾತು. ಹಿಂದೆ ಇದನ್ನೇ ಕರ್ಮ ಅಂದು ನಮ್ಮ ಬಾಯಿ ಮುಚ್ಚಿಸಿದರು. ನೋವು ನನ್ನನ್ನು ಸಣ್ಣವನನ್ನಾಗಿ ಮಾಡಿದೆ. ತಪ್ಪಿಲ್ಲದ ಮಕ್ಕಳ ಮೇಲೆ ರೇಗಿದ್ದೇನೆ. ಕಲೆ ನೋವನ್ನು ವಾಸಿ ಮಾಡುತ್ತದೆ ಅನ್ನುವುದು ಎರಡನೆಯ ಸುಳ್ಳು. ನನ್ನದು ವಾಸಿಯಾಗಿಲ್ಲ. ಮಾತ್ರೆ ನುಂಗುತ್ತಲೇ ಇದ್ದೇನೆ.

ಪಾಲ್ ಕ್ಲೀ ಅನ್ನುವ ಚಿತ್ರಕಾರನಿದ್ದ. ಜಲವರ್ಣದಲ್ಲಿ ಪಳಗಿದ ಕೈ. ಜರ್ಮನಿಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಅವನನ್ನು ನಾಜಿಗಳು 1933ರಲ್ಲಿ ಕೆಲಸದಿಂದ ತೆಗೆದರು. ಅವನು ಸ್ವಿಟ್ಜರ್ಲೆಂಡಿಗೆ ಹೋದ. 1935ರಲ್ಲಿ ಮೈಚರ್ಮ ಬಿಗಿದುಕೊಳ್ಳುವ ಕಾಯಿಲೆ ಹಿಡಿಯಿತು. 1936ರಲ್ಲಿ ಬರೆದದ್ದು ಸುಮಾರು 25 ಚಿತ್ರ. 1937ರಲ್ಲಿ ಮ್ಯೂನಿಕ್ ನಗರದಲ್ಲಿ ನಾಜಿಗಳು ಅವನ ಚಿತ್ರಗಳನ್ನೂ 'ಕುಲಗೆಟ್ಟ ಕಲೆ' ಅಂತ ತೂಗುಹಾಕಿ ಗೇಲಿ ಮಾಡಿಸಿದರು. ಕುಲದ ಮಾತು ಅಲ್ಲಿಗೂ ಬಂತು ನೋಡಿ. 1939ರಲ್ಲಿ ಅದೇ ಕೈ 1,200ಕ್ಕೂ ಹೆಚ್ಚು ಕೃತಿ ಮಾಡಿತು. 1940ರ ಜೂನ್‌ನಲ್ಲಿ ಅವನು ಸತ್ತ. ಚಿತ್ರ ಅವನ ಜೀವ ಉಳಿಸಲಿಲ್ಲ. ಆದರೆ ಅವನು ಯಾರು ಅನ್ನುವುದನ್ನು ತೀರ್ಮಾನಿಸಲು ಕಾಯಿಲೆಗೂ ಆಗಲಿಲ್ಲ, ನಾಜಿಗಳಿಗೂ ಆಗಲಿಲ್ಲ.

ನನ್ನ ಕೆಲಸ ಅಷ್ಟು ದೊಡ್ಡದಲ್ಲ. ಜಲವರ್ಣದ ಕುಂಚ ಹಗುರ, ಗೋಡೆಗೆ ಒರಗಿ ಕೂತೂ ಬರೆಯಬಹುದು. ಒದ್ದೆ ಇರುವಾಗ ಆತುರಪಟ್ಟು ತಿದ್ದಿದರೆ ಕೆಸರಾಗುತ್ತದೆ. ಒಣಗುವ ತನಕ ಕಾಯಲೇಬೇಕು. ಹತ್ತು ನಿಮಿಷ ಬರೆಯುತ್ತೇನೆ, ಅದು ಒಣಗುವ ತನಕ ಬೆನ್ನು ಚಾಚಿ ಮಲಗುತ್ತೇನೆ. ಬೆಳಕು ಬೇಕಾದ ಕಡೆ ಬಣ್ಣ ಹಚ್ಚದೆ ಕಾಗದದ ಬಿಳಿಯನ್ನೇ ಬಿಡುತ್ತೇನೆ. ನೋವು ಸದಾ ತನ್ನನ್ನೇ ನೋಡು ಅನ್ನುತ್ತದೆ. ಹುಣಸೇ ಚಿಗುರು ಯಾವ ಬಣ್ಣ ಅಂತ ತಿಳಿಯಬೇಕಾದರೆ ಹೊರಗೆ ನೋಡಬೇಕು. ಆ ಒಂದು ಗಂಟೆ ನೋವು ಇರುತ್ತದೆ, ಆದರೆ ಅದೊಂದೇ ಇರುವುದಿಲ್ಲ.

ಮೊನ್ನೆ ನಾಟಿಗದ್ದೆಯ ಚಿತ್ರ ಬರೆದು ಅವ್ವನಿಗೆ ತೋರಿಸಿದೆ. ನೀರಿಗೆ ನೀಲಿ ಬಳಿದಿದ್ದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ ಅಂದಳು: "ನಾಟಿ ಹೊತ್ನಲ್ಲಿ ನೀರು ನೀಲಿ ಎಲ್ಲಿರ್ತದ್ಲಾ? ವಸಿ ಕೆಂಪಗಿರ್ತದೆ, ಮಣ್ಣು ಕದಡಿರ್ತದಲ್ಲ."

ನಾನು ಬೆರಗಾದೆ. ಬಗ್ಗಿದ ಆ ನಲವತ್ತು ವರ್ಷವೂ ಅವಳು ಬಣ್ಣ ನೋಡುತ್ತಲೇ ಇದ್ದಳು. ಕೂತು ಬರೆಯುವ ಒಂದು ಗಂಟೆಯನ್ನು ಅವಳಿಗೆ ಯಾರೂ ಬಿಟ್ಟುಕೊಡಲಿಲ್ಲ.

ನಾನು ಡಬ್ಬಿ ಮುಚ್ಚಿಟ್ಟರೆ ಅವ್ವನ ಬೆನ್ನು ನೆಟ್ಟಗಾಗುವುದಿಲ್ಲ. ಆ ಗಂಟೆ ನನಗೊಬ್ಬನಿಗೇ ಸಾಕು ಅಂದುಕೊಂಡರೆ ಮಾತ್ರ ಅದು ಅನ್ಯಾಯ. ಕೂಲಿ ಕೇಳುವಾಗ, ಔಷಧಿ ಕೇಳುವಾಗ, ಬಗ್ಗಿ ದುಡಿದವರಿಗೆಲ್ಲ ಆ ಗಂಟೆಯನ್ನೂ ಕೇಳಬೇಕು. ಗೆಳೆಯನಿಗೆ ಇಷ್ಟನ್ನೇ ಹೇಳಿದೆ. ನೀರಿಗೆ ವಸಿ ಕೆಂಪು ಬೆರೆಸಿ ಚಿತ್ರವನ್ನು ಮತ್ತೆ ಬರೆಯುತ್ತಿದ್ದೇನೆ.