ಸಂಶಯಕ್ಕೂ ಒಂದು ನೀತಿ

ನಾವು ವಾಸವಾಗಿರುವ ಮುಖರ್ಜಿ ನಗರಕ್ಕೆ ಆ ಹೆಸರು ಬಂದದ್ದು ಡಾ. ಶ್ಯಾಮಪ್ರಸಾದ್ ಮುಖರ್ಜಿಯವರಿಂದ. 1953ರ ಮೇ ತಿಂಗಳಲ್ಲಿ ಪರ್ಮಿಟ್ ಇಲ್ಲದೆ ಕಾಶ್ಮೀರವನ್ನು ಪ್ರವೇಶಿಸಿ ಸೆರೆಯಾದ ಅವರು, ಜೂನ್ 23ರಂದು ಶ್ರೀನಗರದಲ್ಲಿ ಬಂಧನದಲ್ಲಿದ್ದಾಗಲೇ ತೀರಿಕೊಂಡರು. ಹೃದಯಾಘಾತವೆಂದು ಸರ್ಕಾರ ಹೇಳಿತು. ತನಿಖೆಯಾಗಲಿ ಎಂದು ತಾಯಿ ಜೋಗಮಾಯಾ ದೇವಿಯವರು ಪ್ರಧಾನಿ ನೆಹರೂ ಅವರಿಗೆ ಬರೆದರು, ಆಯೋಗ ನೇಮಕವಾಗಲಿಲ್ಲ. ಅದು ಕೊಲೆಯೇ ಎಂದು ನಂಬುವವರು ಇಂದಿಗೂ ಇದ್ದಾರೆ. 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ನಿಧನರಾದ ಲಾಲ್ ಬಹಾದೂರ್ ಶಾಸ್ತ್ರಿಯವರ ವಿಷಯವೂ ಹೀಗೆಯೇ. ಶವಪರೀಕ್ಷೆ ನಡೆಯಲಿಲ್ಲ, ಅನುಮಾನ ಉಳಿಯಿತು. ಕಡತಗಳ ನಡುವೆಯೇ ಬಾಳುವ ನಮ್ಮಂಥವರಿಗೆ ಒಂದು ಮಾತು ಚೆನ್ನಾಗಿ ಗೊತ್ತು: ಕಡತದಲ್ಲಿ ಬರೆಯದೆ ಬಿಟ್ಟದ್ದನ್ನು ಜನ ತಾವೇ ಬರೆದುಕೊಳ್ಳುತ್ತಾರೆ.

ಹಾಗಾದರೆ ತನಿಖೆ ನಡೆದರೆ ಅನುಮಾನ ಅಳಿಯುವುದೇ? ಅದೂ ಇಲ್ಲ. 1968ರಲ್ಲಿ ಮೊಘಲ್‌ಸರಾಯ್ ರೈಲು ನಿಲ್ದಾಣದ ಬಳಿ ದೀನದಯಾಳ್ ಉಪಾಧ್ಯಾಯರ ಶವ ಸಿಕ್ಕಿತು. ಅದು ಕಳ್ಳರ ಕೃತ್ಯ, ರಾಜಕೀಯ ಕೊಲೆಯಲ್ಲ ಎಂದು ಚಂದ್ರಚೂಡ್ ಆಯೋಗ ಹೇಳಿದರೂ ಅನೇಕರು ಒಪ್ಪಲಿಲ್ಲ. ಅಮೆರಿಕದ ಅಧ್ಯಕ್ಷ ಕೆನಡಿ 1963ರಲ್ಲಿ ಹತರಾದರು. ಕೊಂದವನು ಒಬ್ಬನೇ ಎಂದು 1964ರಲ್ಲಿ ವಾರೆನ್ ಆಯೋಗ ಹೇಳಿತು. ಬಹುಶಃ ಒಳಸಂಚಿತ್ತು ಎಂದು 1979ರಲ್ಲಿ ಅಲ್ಲಿಯ ಪ್ರತಿನಿಧಿ ಸಭೆಯ ಸಮಿತಿಯೇ ಹೇಳಿತು. ಇನ್ನು ಜನಸಾಮಾನ್ಯರು ಯಾರನ್ನು ನಂಬಬೇಕು? ಸಾಲದ್ದಕ್ಕೆ, ದೊಡ್ಡವರ ಸಾವಿಗೆ ಸಣ್ಣ ಕಾರಣವನ್ನು ನಮ್ಮ ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ.

ಒಳಸಂಚೆಂಬುದೆಲ್ಲ ಭ್ರಮೆ ಎನ್ನುವಂತೆಯೂ ಇಲ್ಲ. ಗಾಂಧೀಜಿಯವರ ಕೊಲೆ ಒಳಸಂಚೇ ಆಗಿತ್ತು. ಇದೇ ದೆಹಲಿಯ ಕೆಂಪು ಕೋಟೆಯಲ್ಲಿ ವಿಚಾರಣೆ ನಡೆದು, 1949ರ ಫೆಬ್ರವರಿ 10ರಂದು ತೀರ್ಪು ಬಂದಿತು. ಅಲ್ಲಿಯೂ ಆರೋಪ ಹೊತ್ತವರೆಲ್ಲ ಅಪರಾಧಿಗಳಾಗಲಿಲ್ಲ; ಸಾಕ್ಷ್ಯ ಸಾಲದೆಡೆ ನ್ಯಾಯಾಲಯ ಬಿಡುಗಡೆ ಮಾಡಿತು.

‘ಬೆಂಕಿಯಿಲ್ಲದೆ ಹೊಗೆಯಾಡದು’ ಎಂಬ ಗಾದೆಯನ್ನು ನಾವು ಬೇಗ ನೆನೆಯುತ್ತೇವೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದವರೂ ನಮ್ಮ ಹಿರಿಯರೇ. ಪ್ರಶ್ನೆ ಕೇಳುವುದು ಪ್ರಜೆಯ ಹಕ್ಕು. ಹೆಸರೆತ್ತಿ ಕೊಲೆಗಾರನೆನ್ನುವುದು ಹಕ್ಕಲ್ಲ. ಆ ಮನುಷ್ಯನಿಗೂ ಹೆಂಡತಿ ಮಕ್ಕಳಿರುತ್ತಾರೆ. ಯಾವ ಸಾಕ್ಷ್ಯ ಸಿಕ್ಕರೆ ನಮ್ಮ ಮಾತನ್ನು ಹಿಂತೆಗೆದುಕೊಳ್ಳುತ್ತೇವೆ ಎಂದು ವಿಜ್ಞಾನದ ವಿದ್ಯಾರ್ಥಿ ಮೊದಲೇ ಹೇಳಬೇಕಾಗುತ್ತದೆ. ಸಂಶಯಪಡುವವರೂ ಹಾಗೆಯೇ ಹೇಳಲಿ. ನಮ್ಮ ನಾಯಕ ಸತ್ತರೆ ಒಳಸಂಚು, ಎದುರು ಪಕ್ಷದವನು ಸತ್ತರೆ ವಿಧಿ ಎನ್ನುವುದು ಸಂಶಯವಲ್ಲ, ಪಕ್ಷಪಾತ.

ನಮ್ಮ ಈ ಬಡಾವಣೆಯ ಗಲ್ಲಿಗಳಲ್ಲಿ ಐ.ಎ.ಎಸ್. ಪರೀಕ್ಷೆಗೆ ಓದುವ ಮಕ್ಕಳು ತುಂಬಿದ್ದಾರೆ. ಕರ್ನಾಟಕದಿಂದ ಬಂದವರೂ ಇದ್ದಾರೆ. ನಾಳೆ ಕಡತಗಳು ಅವರ ಕೈಗೆ ಬರುತ್ತವೆ. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಕಾಗದ ಬರೆದರೆ, ಅದಕ್ಕೆ ಸಾಕ್ಷ್ಯಸಹಿತ ಉತ್ತರ ಕೊಡುವುದು ಸರ್ಕಾರದ ಧರ್ಮ. ಆ ಉತ್ತರವನ್ನು ಪೂರ್ತಿ ಓದಿ, ಆಮೇಲೆ ಮಾತನಾಡುವುದು ನಮ್ಮ ಧರ್ಮ.